ಸಡ್ಡಕನ ಪಾಲಿಗೆ ಹೋದ ಡ್ರಮ್ಮುಗಳು

ನನ್ನನ್ನು ಡ್ರಮ್ ತೊಳೆಯುವವನೆಂದು ಪರಿಚಯ ಮಾಡಿಕೊಟ್ಟ ದಿನ ನಾನು ಇಸ್ತ್ರಿ ಮಾಡಿಸಿದ ಅಂಗಿ ತೊಟ್ಟಿದ್ದೆ. ಬೆಳಗಾವಿಯ ಒಂದು ಉಪ್ಪಿನಕಾಯಿ ಕಾರ್ಖಾನೆಯ ಮಾಲೀಕರ ಕೋಣೆ ಅದು. ಮುನವಳ್ಳಿಯಲ್ಲಿ ನಾವು ತಯಾರಿಸುತ್ತಿದ್ದ ಜೋಳದ ವಿನೆಗರ್ ಅವರಿಗೆ ಹಿಡಿಸಿತ್ತು. ಚಮಚದಲ್ಲಿ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು, "ಯಾರು ಮಾಡೂದ್ರಿ ಇದನ್ನ?" ಎಂದು ಕೇಳಿದರು. ನಾನು ಕುರ್ಚಿಯಲ್ಲಿ ತುಸು ಮುಂದೆ ಸರಿದು, ಗಂಟಲು ಸರಿಮಾಡಿಕೊಂಡು, ಬಾಯಿ ತೆರೆಯುವಷ್ಟರಲ್ಲಿ ನನ್ನ ಸಡ್ಡಕ ಎದೆಯ ಮೇಲೆ ಕೈಯಿಟ್ಟ. ಸಡ್ಡಕ ಎಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಧಂದೆಯಲ್ಲಿ ನನ್ನ ಪಾಲುದಾರ. ಮಾರುವುದು ಅವನದು, ಮಾಡುವುದು ನನ್ನದು.

"ಎಲ್ಲಾ ನಂದ ನೋಡ್ರಿ ಸಾಹೇಬ್ರ. ಇವ್ರು ನಮ್ಮ ಅಣ್ಣಾರು. ಡ್ರಮ್ ತೊಳಿಯೂದು ಬಳಿಯೂದು ಇವ್ರು ನೋಡ್ಕೋತಾರ" ಎಂದ.

ಮಾಲೀಕರು ನನ್ನತ್ತ ತಿರುಗಿ, "ಛಲೋ ಆತು. ಸ್ವಚ್ಛತಾ ಭಾಳ ಮುಖ್ಯ" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಆ ತಲೆಯಾಟಕ್ಕೆ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಸಡ್ಡಕನನ್ನು ಕ್ಷಮಿಸುವ ಮಾತಂತೂ ದೂರವೇ ಉಳಿಯಿತು.

ಮಾಲೀಕರು ಕೊನೆಗೆ ಹೇಳಿದ್ದಿಷ್ಟು: ಮಾವಿನಕಾಯಿ ಹಂಗಾಮು ಶುರುವಾಗುವ ಮುಂಚೆ ಹೊಸ ಮಾದರಿ ತರಬೇಕು, ಹುಳಿ ಅವರು ಹೇಳಿದಷ್ಟು ಗಟ್ಟಿ ಇರಬೇಕು, ಪರೀಕ್ಷೆಯಲ್ಲಿ ಪಾಸಾದರೆ ಅಲ್ಲಿಂದ ಮುಂದೆ ಕಾರ್ಖಾನೆಗೆ ಬೇಕಾದ ಎಲ್ಲ ವಿನೆಗರ್ ನಮ್ಮಿಂದಲೇ. ಗೋಬಿ ಮಂಚೂರಿ ಗಾಡಿಯವರಿಗೆ ಬಾಟಲಿ ಬಾಟಲಿಯಾಗಿ ಮಾರುತ್ತಿದ್ದವರಿಗೆ ಇದು ದೊಡ್ಡ ಮಾತು. ನಾನಂತೂ ಕಾಲೇಜಿನ ಪ್ರಯೋಗಾಲಯದ ಕೆಲಸ ಬಿಟ್ಟು ಇದಕ್ಕೆ ಇಳಿದವನು. ಈ ಕಾರ್ಖಾನೆ ಕೈ ತಪ್ಪಿದರೆ ನನಗೆ ಹಿಂದಕ್ಕೆ ಹೋಗಲು ಬಾಗಿಲಿರಲಿಲ್ಲ.

ಬಸ್ಸಿನಲ್ಲಿ ಬೈಲಹೊಂಗಲ ದಾಟುವವರೆಗೆ ನಾನು ಕೊಡಬೇಕಾಗಿದ್ದ ಉತ್ತರಗಳನ್ನು ತಯಾರಿಸುತ್ತ ಕುಳಿತಿದ್ದೆ. ಪಕ್ಕದಲ್ಲಿ ಸಡ್ಡಕ ಮೂಗಿಗೆ ತಪಕೀರು ಏರಿಸಿ ಗೊರಕೆ ಹೊಡೆಯುತ್ತಿದ್ದ. ಮುನವಳ್ಳಿ ಬರುವ ಹೊತ್ತಿಗೆ ಉತ್ತರಗಳು ಬಹಳ ಚೆನ್ನಾಗಿ ಸಿದ್ಧವಾಗಿದ್ದವು. ಕೇಳಬೇಕಾದ ಸಡ್ಡಕ ಮಾತ್ರ ಅಷ್ಟರಲ್ಲಿ ಇಳಿದು ತನ್ನೂರು ಸವದತ್ತಿಯ ಬಸ್ಸು ಹತ್ತಿದ್ದ.

ಸಿಟ್ಟು ಹೆಚ್ಚಾಗಲು ಇನ್ನೊಂದು ಕಾರಣವಿತ್ತು. ಅವನು ಹೇಳಿದ್ದು ಪೂರ್ತಿ ಸುಳ್ಳಲ್ಲ. ಈ ಕೆಲಸದಲ್ಲಿ ಮುಕ್ಕಾಲು ಪಾಲು ಡ್ರಮ್ ತೊಳೆಯುವುದೇ.

ಜೋಳವನ್ನು ನೆನೆಹಾಕಿ, ತಟ್ಟಿನ ಚೀಲದಲ್ಲಿ ಕಟ್ಟಿ ಮೊಳಕೆ ಬರಿಸಬೇಕು. ಬಿಸಿಲಿಗೆ ಒಣಗಿಸಿ, ಮೊಳಕೆಯ ಬಾಲಗಳನ್ನು ಅಂಗೈಯಲ್ಲಿ ಉಜ್ಜಿ ತೂರಬೇಕು. ಆ ಬಾಲಗಳಲ್ಲಿ ವಿಷವಿದೆ. ನಂತರ ತರಿಯಾಗಿ ಬೀಸಬೇಕು. ಗಿರಣಿಯವನು ಪ್ರತಿ ಸಲ, "ಯಾರಿಗೆ ಆರಾಮಿಲ್ರಿ ಮನ್ಯಾಗ?" ಎಂದು ಕೇಳುತ್ತಿದ್ದ; ಮೊಳಕೆ ಹಿಟ್ಟು ರೋಗಿಗಳ ಗಂಜಿಗೆ ಎಂದೇ ಅವನ ತಿಳಿವಳಿಕೆ. ಸಾದಾ ಜೋಳದ ನುಚ್ಚನ್ನು ಗಂಜಿ ಕಾಯಿಸಿ, ಬೆರಳು ಅದ್ದಿದರೆ ಕೂಡಲೇ ಹಿಂದೆಗೆಯುವಷ್ಟು ಬಿಸಿಗೆ ಇಳಿದಾಗ ಮೊಳಕೆ ಹಿಟ್ಟು ಕಲಸಿಟ್ಟರೆ, ಆ ಅಂಟು ಗಂಜಿ ಕಣ್ಣೆದುರೇ ನೀರಾಗಿ ಸಿಹಿಯಾಗುತ್ತದೆ. ಸೋಸಿ, ಆರಿಸಿ, ಡ್ರಮ್ಮಿಗೆ ಸುರಿದು ಬೇಕರಿಯ ಯೀಸ್ಟ್ ಹಾಕಿದರೆ ಮುಂದೆ ಆಗುವುದು ಸಾಕ್ಷಾತ್ ಬಿಯರು. ಆ ಬಿಯರನ್ನು ಬೇರೆ ಡ್ರಮ್ಮಿನಲ್ಲಿ ಗಾಳಿಗೆ ಬಿಟ್ಟು ಹುಳಿ ಬರಿಸಿದರೆ ವಿನೆಗರ್. ನಡುವಿನ ಈ ಬಿಯರಿನ ಸಂಗತಿಯನ್ನು ನಾವು ಊರಲ್ಲಿ ಯಾರಿಗೂ ಬಿಡಿಸಿ ಹೇಳುತ್ತಿರಲಿಲ್ಲ. ಆದರೆ ಮನೆಯಾಕೆಯ ಮೂಗಿಗೆ ಏನನ್ನು ಮುಚ್ಚಿಡಲು ಸಾಧ್ಯ? "ಲಿಂಗಾ ಕಟ್ಟಿದ ಮನ್ಯಾಗ ಸೆರಿ ಭಟ್ಟಿ ಹೂಡಿದ ಮೊದಲ್ನೇ ಪುಣ್ಯಾತ್ಮ ನೀವು" ಎನ್ನುತ್ತಿದ್ದಳು.

ಹಿತ್ತಲಿನ ಷೆಡ್ಡಿನಲ್ಲಿ ಎರಡು ಕೋಣೆ. ಒಂದಕ್ಕೆ ಸಿಹಿ ಕೋಣೆ, ಇನ್ನೊಂದಕ್ಕೆ ಹುಳಿ ಕೋಣೆ ಎಂದು ಹೆಸರಿಟ್ಟಿದ್ದೆ. ಸಿಹಿ ಕೋಣೆಯಲ್ಲಿ ಗಾಳಿ ತಾಗಕೂಡದು. ಡ್ರಮ್ಮಿನ ಮುಚ್ಚಳವನ್ನು ಕಬ್ಬಿಣದ ಬಳೆಯಿಂದ ಬಿಗಿದು, ಮುಚ್ಚಳಕ್ಕೊಂದು ತೂತು ಮಾಡಿ, ಆಸ್ಪತ್ರೆಯ ಸಲೈನ್ ನಳಿಗೆ ಸಿಕ್ಕಿಸಿ, ನಳಿಗೆಯ ಇನ್ನೊಂದು ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿಡಬೇಕು. ಒಳಗಿನ ಗಾಳಿ ಬುಳುಕ್ ಬುಳುಕ್ ಎಂದು ಹೊರಗೆ ಹೋಗುತ್ತದೆ. ಹೊರಗಿನದು ಒಳಗೆ ಬರುವುದಿಲ್ಲ. ಡ್ರಮ್ಮನ್ನು ಮುಕ್ಕಾಲಿಗಿಂತ ಹೆಚ್ಚು ತುಂಬಬಾರದು. ಒಮ್ಮೆ ನಾನು ಆಸೆಬಡುಕನಾಗಿ ಕಂಠಮಟ ತುಂಬಿದ್ದೆ. ನೊರೆ ಉಕ್ಕಿ ನಳಿಗೆ ಕಟ್ಟಿಕೊಂಡು, ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚಳ ಹಾರಿ ತಗಡಿನ ಮಾಡಿಗೆ ಬಡಿದ ಸಪ್ಪಳಕ್ಕೆ ಓಣಿಯವರೆಲ್ಲ ಟ್ರಾನ್ಸ್‌ಫಾರ್ಮರ್ ಹೋಯಿತೆಂದು ಹೊರಗೆ ಬಂದಿದ್ದರು.

ಹುಳಿ ಕೋಣೆಯದು ಇದಕ್ಕೆ ತದ್ವಿರುದ್ಧ ಸ್ವಭಾವ. ಅಲ್ಲಿ ಗಾಳಿ ಬೇಕೇ ಬೇಕು. ಮುಚ್ಚಳ ತೆಗೆದು, ಬಾಯಿಗೆ ಹಳೆಯ ಧೋತರದ ತುಂಡು ಕಟ್ಟಿಟ್ಟರೆ ಮೇಲೆ ಹಾಲಿನ ಕೆನೆಯಂತೆ ಪರೆ ಕಟ್ಟಿ, ಬಿಯರು ನಿಧಾನವಾಗಿ ಹುಳಿಯಾಗುತ್ತದೆ. ಆ ಪರೆಯ ಬೀಜ ಡ್ರಮ್ಮಿನ ಮೈಯಲ್ಲೇ ಕೂತುಬಿಡುತ್ತದೆ. ಆದ್ದರಿಂದ ಮೊದಲ ಕಾನೂನು: ಹುಳಿ ಡ್ರಮ್ಮು ಸಿಹಿ ಕೋಣೆಗೆ ಹೋಗಕೂಡದು. ಹೆಪ್ಪಿನ ಗಡಿಗೆಯಲ್ಲಿ ಹಾಲು ಇಟ್ಟು, ಹಾಲಾಗಿಯೇ ಇರು ಎಂದರೆ ಇದ್ದೀತೇ? ನಾನು ಎರಡೂ ಕೋಣೆಗಳಿಗೆ ಬೇರೆ ಬೇರೆ ಸೌಟು, ಬೇರೆ ಬೇರೆ ಅರಿವೆ, ಕೊನೆಗೆ ಬೇರೆ ಬೇರೆ ಚಪ್ಪಲಿ ಕೂಡ ಇಟ್ಟಿದ್ದೆ. ಎರಡನೆಯ ಕಾನೂನು: ಪ್ಲಾಸ್ಟಿಕ್ ಡ್ರಮ್ಮನ್ನು ತೆಂಗಿನ ನಾರಿನಿಂದ ತಿಕ್ಕಕೂಡದು. ಗೀರು ಬಿದ್ದರೆ ಹುಳಿಯ ಬೀಜಕ್ಕೆ ಮನೆ ಕಟ್ಟಿಕೊಟ್ಟಂತೆ. ಸೋಡಾಪುಡಿಯ ನೀರು, ಮೆತ್ತನೆಯ ಅರಿವೆ, ಆಮೇಲೆ ಕಾಯಿಸಿದ ನೀರು, ಬಿದಿರ ತಟ್ಟಿಯ ಮೇಲೆ ಬೋರಲು. ಈ ಯಾವುದೂ ಸಡ್ಡಕನಿಗೆ ಗೊತ್ತಿರಲಿಲ್ಲ. ಜೋಳ, ಯೀಸ್ಟಿನ ತನಕ ನೋಡಿ ಕಲಿತಿದ್ದ ಅವನಿಗೆ ಡ್ರಮ್ಮೆಂದರೆ ಡ್ರಮ್ಮು.

ಬೆಳಗಾವಿಯಿಂದ ಬಂದ ಮರುವಾರವೇ ಅವನು ಬೇರೆಯಾಗುವ ಮಾತು ತೆಗೆದ. ಸವದತ್ತಿಯಲ್ಲಿ ತನ್ನ ಮನೆಯಲ್ಲೇ ಧಂದೆ ಹೂಡುತ್ತಾನಂತೆ, ಕಾರ್ಖಾನೆಗೆ ಮಾದರಿಯನ್ನೂ ತಾನೇ ಒಯ್ಯುತ್ತಾನಂತೆ. ನನಗಿಂತ ಮೊದಲು ಉರಿದದ್ದು ಮನೆಯಾಕೆ. ಅವಳ ತಂಗಿ ಹೇಳಿಕಳಿಸಿದ್ದಳಂತೆ: "ಭಾವಾರು ಖಾಲಿ ಕುಂದ್ರೂದು ಬ್ಯಾಡಕ್ಕಾ, ನಮ್ಮಲ್ಲೇ ಬರ್ಲಿ, ಸಂಬಳಾ ಕೊಡೋಣಂತ."

ಮನೆಯಾಕೆ ರೊಟ್ಟಿ ಬಡಿಯುತ್ತಿದ್ದಳು. ಆ ದಿನದ ರೊಟ್ಟಿಗಳು ಬಹಳ ತೆಳ್ಳಗಾಗಿದ್ದವು.

ಪಾಲು ಮಾಡಿಸಲು ಅತ್ತೆ ರಾಮದುರ್ಗದಿಂದ ಬಂದರು. ಅವರ ತೀರ್ಪು ಹಳೆಯದು, ಎಲ್ಲರ ಮನೆಯಲ್ಲೂ ನಡೆಯುವಂಥದ್ದು: "ದೊಡ್ಡ ಅಳಿಯಾರು ಎರಡ ಪಾಲ ಮಾಡ್ಲಿ. ಸಣ್ಣ ಅಳಿಯಾರು ಮೊದ್ಲ ಆರಿಸ್ಕೊಳ್ಳಿ. ಆಮ್ಯಾಲ ನನ್ನ ಮುಂದ ಯಾರೂ ಮಾರಿ ದಪ್ಪ ಮಾಡೂದಿಲ್ಲ." ಹೆಚ್ಚುಕಡಿಮೆ ಪಾಲು ಮಾಡಿದವನಿಗೆ ಹೆಚ್ಚಿನದು ಸಿಗದಿರಲಿ ಎಂದು ಮಾಡಿದ ಪದ್ಧತಿ ಅದು. ಅದರೊಳಗೆ ಸೇಡಿಗೆ ಎಷ್ಟು ಜಾಗವಿದೆಯೆಂದು ನನಗೆ ಅವತ್ತೇ ಹೊಳೆಯಿತು.

ನ್ಯಾಯವಾಗಿ ನಾನು ಸಿಹಿ ಡ್ರಮ್ಮು ಅರ್ಧ, ಹುಳಿ ಡ್ರಮ್ಮು ಅರ್ಧ ಬೆರೆಸಿ ಎರಡು ಗುಂಪು ಮಾಡಬೇಕಿತ್ತು. ನಾನು ಸಿಹಿಯವನ್ನೆಲ್ಲ ಒಂದು ಕಡೆ, ಹುಳಿಯವನ್ನೆಲ್ಲ ಇನ್ನೊಂದು ಕಡೆ ಇಟ್ಟೆ. ಲೆಕ್ಕಕ್ಕೆ ಸಮ, ಗಾತ್ರಕ್ಕೆ ಸಮ. ಸಿಹಿ ಡ್ರಮ್ಮುಗಳು ಹಳೆಯವು, ಕಲೆ ಹಿಡಿದು ಹಳದಿ ಹಲ್ಲಿನಂತಿದ್ದವು. ಹುಳಿ ಡ್ರಮ್ಮುಗಳು ಹೊಸವು, ನೀಲಿ, ಹೊಳೆಯುವಂಥವು. ಸಡ್ಡಕ ಹೊಳೆಯುವುದನ್ನು ಆರಿಸುತ್ತಾನೆ. ಆ ಡ್ರಮ್ಮುಗಳಲ್ಲಿ ಯೀಸ್ಟ್ ಹಾಕುತ್ತಾನೆ. ಬಿಯರು ಆಗುವ ಮೊದಲೇ ಹುಳಿ ಹತ್ತಿ, ಯೀಸ್ಟು ಸುಸ್ತಾಗಿ, ಅತ್ತ ಬಿಯರೂ ಅಲ್ಲದ ಇತ್ತ ವಿನೆಗರೂ ಅಲ್ಲದ ಕಲಗಚ್ಚನ್ನು ಹೊತ್ತುಕೊಂಡು ಬೆಳಗಾವಿಗೆ ಹೋಗುತ್ತಾನೆ. ಮಾಲೀಕರು ಚಮಚ ಬಾಯಿಗಿಟ್ಟುಕೊಳ್ಳುವ ಆ ಗಳಿಗೆಯನ್ನು ನಾನು ಎಷ್ಟು ಸಲ ಕಲ್ಪಿಸಿಕೊಂಡೆನೆಂದರೆ, ಚಮಚದ ಹಿಡಿಕೆಯ ನಕಾಶೆ ಕೂಡ ಕಾಣಿಸುತ್ತಿತ್ತು. ನನಗೆ ಉಳಿಯುವ ಹಳದಿ ಡ್ರಮ್ಮುಗಳಿಂದ ತೊಂದರೆಯಿಲ್ಲ. ಹಾಲಿದ್ದವನು ಹೆಪ್ಪನ್ನು ಎಲ್ಲಿಂದಲಾದರೂ ತಂದಾನು.

ಆದರೆ ಚಿಂತೆ ನನ್ನ ಹುಟ್ಟುಗುಣ. ಅವನು ಹೊಳೆಯುವುದನ್ನು ಆರಿಸದಿದ್ದರೆ? ಆ ಭಯಕ್ಕೆ ನಾನು ನೀಲಿ ಡ್ರಮ್ಮುಗಳನ್ನು ಇನ್ನಷ್ಟು ಹೊಳೆಸಲು ಹೊರಟೆ. ಬೂದಿ ಹಾಕಿ, ತೆಂಗಿನ ನಾರು ಹಿಡಿದು, ಒಳಗೂ ಹೊರಗೂ ತಿಕ್ಕಿದೆ. ನನ್ನದೇ ಎರಡನೆಯ ಕಾನೂನನ್ನು ಮುರಿಯುತ್ತಿದ್ದೇನೆಂದು ಗೊತ್ತಿತ್ತು. ಹೇಗೂ ಹೋಗುವುದು ಅವನ ಮನೆಗೆ, ಗೀರು ಬಿದ್ದಷ್ಟೂ ಒಳ್ಳೆಯದು ಎಂದುಕೊಂಡೆ. ಮುಚ್ಚಳದ ಬಳೆಗಳಿಗೆ ಕೊಬ್ಬರಿ ಎಣ್ಣೆ ಕೂಡ ಸವರಿದೆ. ಮನೆಯಾಕೆ ಬಂದು ನೋಡಿ, "ಇವೇನು ಡ್ರಮ್ಮ ಅದಾವೋ, ಹೆಣ್ಣ ನೋಡಾಕ ಬರೋರ ಮುಂದ ಕುಂದ್ರಿಸೂ ಹುಡಿಗ್ಯಾರೋ?" ಎಂದಳು.

ಅಂಗಳದಲ್ಲಿ ಎರಡೂ ಗುಂಪು ಸಾಲಾಗಿ ನಿಂತವು. ಅತ್ತೆ ಕಟ್ಟೆಯ ಮೇಲೆ. ಸಡ್ಡಕ ನೀಲಿ ಸಾಲಿನ ಮುಂದೆ ಹೋಗಿ ಒಂದು ಡ್ರಮ್ಮಿನ ಬೆನ್ನು ತಟ್ಟಿದ. ನನ್ನ ಎದೆ ಹಿಗ್ಗಿತು. ಆಮೇಲೆ ಅವನು ಹಳದಿ ಸಾಲಿನತ್ತ ನೋಡಿದ, ನನ್ನತ್ತ ನೋಡಿದ, ಮತ್ತೆ ನೀಲಿಯತ್ತ ನೋಡಿದ.

"ಇವು ನಂಗ ಇರ್ಲಿ" ಎಂದು ಹಳದಿ ಡ್ರಮ್ಮುಗಳ ಮೇಲೆ ಕೈಯಿಟ್ಟ.

"ಅವು ಹಳೇವ್ರಿ" ಎಂದೆ ನಾನು. ನನ್ನ ದನಿ ನನಗೇ ಕುರಿಯ ಕೂಗಿನಂತೆ ಕೇಳಿಸಿತು.

"ಗೊತ್ತೈತ್ರಿ ಅಣ್ಣಾರ. ಆದ್ರ ಸಂತ್ಯಾಗ ಕೋಡಿಗೆ ಬಣ್ಣಾ ಹಚ್ಚಿ ನಿಂದ್ರಿಸಿದ ಎತ್ತ ನಾ ಯಾವತ್ತೂ ತಗೊಂಡಿಲ್ಲ. ನೀವರ ಎಂದ ಇಷ್ಟ ಛಂದಾಗಿ ತಿಕ್ಕಿದ್ರಿ ಇವನ್ನ?"

ಅತ್ತೆ "ಮುಗೀತು" ಎಂದು ಎದ್ದರು. ಅವನ ಟಂಟಂ ಗಾಡಿ ನನ್ನ ಒಳ್ಳೆಯ ಡ್ರಮ್ಮುಗಳನ್ನು ಹೇರಿಕೊಂಡು ಸವದತ್ತಿಯ ದಾರಿ ಹಿಡಿಯಿತು. ಅವನಿಗೆ ಸಿಹಿ ಹುಳಿಯ ಭೇದ ಗೊತ್ತಾಗಿ ಆರಿಸಿದ್ದಲ್ಲ. ನನ್ನ ಮೇಲಿನ ಅಪನಂಬಿಕೆಯಿಂದ ಆರಿಸಿದ್ದು. ಅಪನಂಬಿಕೆ ಸರಿಯಾಗಿಯೇ ಇತ್ತು ಎಂಬುದು ಉರಿಯನ್ನು ಕಡಿಮೆ ಮಾಡಲಿಲ್ಲ.

ಈಗ ನನ್ನ ಬಳಿ ಉಳಿದದ್ದು ನಾನೇ ಕೈಯಾರೆ ಗೀರಿ ಗೀರಿ ಕೆಡಿಸಿದ ಹುಳಿ ಡ್ರಮ್ಮುಗಳು. ಹಂಗಾಮು ಹತ್ತಿರ ಬರುತ್ತಿತ್ತು. ಸೋಡಾಪುಡಿಯಿಂದ ತೊಳೆದೆ. ಸುಣ್ಣದ ನೀರು ತುಂಬಿಟ್ಟೆ. ಬ್ಲೀಚಿಂಗ್ ಪೌಡರ್ ಹಾಕಿದೆ. ಅದರ ವಾಸನೆ ಬಿಡಿಸಲು ಮತ್ತೆ ತೊಳೆದೆ. ಬಿಸಿಲಿಗಿಟ್ಟೆ. ಒಂದಕ್ಕೆ ಕುದಿಯುವ ನೀರು ಸುರಿದಾಗ ಅದು ಮೆತ್ತಗಾಗಿ, ಮುದಿ ಎಮ್ಮೆಯಂತೆ ಒಂದು ಮಗ್ಗುಲಿಗೆ ಕೂತುಬಿಟ್ಟಿತು. ಮಿಕ್ಕವುಗಳಲ್ಲಿ ಒಂದು ಸರ್ತಿ ಸೋಸಿದ ಸಿಹಿ ರಸ, ಯೀಸ್ಟ್ ಹಾಕಿದೆ. ಮೊದಮೊದಲು ನಳಿಗೆ ಬುಳುಕ್ ಎನ್ನುತ್ತಿತ್ತು. ನಾನು ಬೆಳಿಗ್ಗೆ ಎದ್ದವನೇ ಮುಖ ತೊಳೆಯದೆ ಹೋಗಿ ಅದರ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಆಮೇಲೆ ಸದ್ದು ಇಳಿಯಿತು. ಸಕ್ಕರೆ ಅಳೆಯುವ ಹೈಡ್ರೋಮೀಟರ್ ಬಿಟ್ಟು ನೋಡಿದರೆ ಹುದುಗು ಅರ್ಧ ದಾರಿಯಲ್ಲೇ ನಿಂತಿತ್ತು. ಸಕ್ಕರೆ ಇನ್ನೂ ಉಳಿದಿತ್ತು, ಮೂಗಿಗೆ ಆಗಲೇ ಹುಳಿ ಹೊಡೆಯುತ್ತಿತ್ತು. ನಾನು ಸಡ್ಡಕನಿಗೆಂದು ಬರೆದ ಹಣೆಬರಹ ಅಕ್ಷರ ಬಿಡದೆ ನನ್ನ ಡ್ರಮ್ಮಿನಲ್ಲಿ ನಡೆಯುತ್ತಿತ್ತು. ಎರಡನೆಯ ಸರ್ತಿಯೂ ಹಾಗೇ ಆಯಿತು. ಮೋರಿಗೆ ಚೆಲ್ಲುವಾಗ ಓಣಿಯ ಎರಡು ಹಂದಿಗಳು ಕುಡಿದು, ಸಂಜೆಯವರೆಗೂ ನನ್ನ ಬಾಗಿಲು ಬಿಟ್ಟು ಕದಲಲಿಲ್ಲ. ನನ್ನ ಮೊದಲ ಖಾಯಂ ಗಿರಾಕಿಗಳು.

ಮೂರನೆಯ ಸಲ ಸುಣ್ಣ ಕಲಸಲು ಕೂತಾಗ ಮನೆಯಾಕೆ ಬಾಗಿಲಲ್ಲಿ ನಿಂತು ಕೇಳಿದಳು, "ಹುಳಿ ಹಿಡ್ದ ಡ್ರಮ್ಮಿನ್ಯಾಗ ಹುಳಿ ಮಾಡಾಕ ಬರತೈತಿಲ್ಲೋ?"

"ಭಾಳ ಛಲೋ ಬರತೈತಿ. ಇಲ್ದಿದ್ದು ಸಿಹಿ ಡ್ರಮ್ಮ."

"ಅಂದ್ರ ಅವನ್ನ ಯಾಕ ಗುದ್ದಾಡಿ ಸಿಹಿ ಮಾಡಾಕತ್ತೀರಿ? ನಿಮ್ಮ ಸ್ವಭಾವಾನೂ ಇಷ್ಟ ವರ್ಷದಿಂದ ತೊಳ್ಯಾಕತ್ತೇನಿ, ಸಿಹಿ ಆಗೇತೇನು?"

ಸುಣ್ಣದ ಕೋಲನ್ನು ಅಲ್ಲೇ ಇಟ್ಟೆ. ತೊಳೆಯುವುದನ್ನು ನಿಲ್ಲಿಸಬೇಕು. ಡ್ರಮ್ಮುಗಳು ಹುಳಿಯವಾಗಿಯೇ ಇರಲಿ. ಸಿಹಿಗೆ ಬೇಕಾದ ಪಾತ್ರೆ ಬೇರೆ: ಗೀರು ಬೀಳದ್ದು, ಕುದಿಯುವ ನೀರನ್ನು ತಡೆಯುವಂಥದ್ದು. ಅಂಥದ್ದು ನಮ್ಮ ಅಡುಗೆಮನೆಯ ಅಟ್ಟದ ಮೇಲೆ ಸಾಲಾಗಿ ಕೂತಿತ್ತು. ಮನೆಯಾಕೆಯ ಮದುವೆಗೆ, ಗೃಹಪ್ರವೇಶಕ್ಕೆ, ಮಕ್ಕಳ ತೊಟ್ಟಿಲಿಗೆ ಬಂದ ಸ್ಟೀಲಿನ ಕೊಡಗಳು. ಮಗಳ ಮದುವೆಗೆಂದು ಅವಳು ಕಾಯ್ದಿಟ್ಟವು. ಅವುಗಳಿಗೆ ನೀರು ಸಹ ತೋರಿಸಿರಲಿಲ್ಲ. ನಾನು ಕೇಳುವ ಧೈರ್ಯ ಮಾಡುವ ಮೊದಲೇ ಅವಳು ನನ್ನ ಕಣ್ಣಿನ ದಾರಿ ಹಿಡಿದು ಅಟ್ಟ ನೋಡಿದಳು. "ಸಂಬಳಾ ಕೊಡ್ತಾಳಂತ ಅಕಿ" ಎಂದು ತಾನೇ ನಿಚ್ಚಣಿಕೆ ತಂದಳು.

ಕೊಡಗಳ ಕಂಠದ ಮೇಲೆ ಕೊಟ್ಟವರ ಹೆಸರು ಕೊರೆಸಿತ್ತು. ಕುದಿಯುವ ನೀರಿನಿಂದ ತೊಳೆದು, ರಸ ತುಂಬಿ, ಬಾಯಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು, ನಡುವೆ ಸಲೈನ್ ನಳಿಗೆ ಚುಚ್ಚಿದೆ. ಕಾವು ಏರದಂತೆ ಸುತ್ತ ಒದ್ದೆ ತಟ್ಟು. ಸಿಹಿ ಕೋಣೆ ಸರಕಾರಿ ದವಾಖಾನೆಯ ಜನರಲ್ ವಾರ್ಡಿನಂತೆ ಕಾಣತೊಡಗಿತು. ಪ್ರತಿಯೊಬ್ಬ ರೋಗಿಗೂ ಒಂದೊಂದು ಬಾಟಲಿ. ದೊಡ್ಡ ಡ್ರಮ್ಮಾದರೆ ಒಂದು ಕೆಟ್ಟರೆ ಎಲ್ಲ ಕೆಟ್ಟಿತು. ಇಲ್ಲಿ ಒಂದು ಕೊಡ ಕೆಟ್ಟರೆ ಒಂದೇ. ಆದರೆ ಚಿಂತೆ ಮಾಡುವವನಿಗೆ ಒಂದು ಚಿಂತೆಯ ಜಾಗದಲ್ಲಿ ಅಷ್ಟೊಂದು ಚಿಂತೆ. "ಸೋದರತ್ತಿ ಇನ್ನೂ ನೊರಿ ಬಿಟ್ಟಿಲ್ಲ", "ಬೈಲಹೊಂಗಲದ ಕಾಕಾ ಭಾಳ ಉಕ್ಕಾಕತ್ತಾನ" ಎಂದು ನಾವಿಬ್ಬರೂ ಹೆಸರು ಹಿಡಿದೇ ಮಾತಾಡುತ್ತಿದ್ದೆವು. ಸಡ್ಡಕ ಕೊಟ್ಟ ಕೊಡವೂ ಇತ್ತು: 'ಪ್ರೀತಿಯ ಅಕ್ಕ ಭಾವನವರಿಗೆ' ಎಂದು ಕೊರೆಸಿದ್ದು. ಅದನ್ನು ಬಳಸಲು ನನಗೆ ಮನಸ್ಸಿರಲಿಲ್ಲ. ಬಳಸಿದೆ. ಎಲ್ಲಕ್ಕಿಂತ ಚೆನ್ನಾಗಿ ಹುದುಗು ಬಂದದ್ದು ಹಾಳಾದ ಅದರಲ್ಲೇ.

ಒಂದೊಂದೇ ಕೊಡದ ಸದ್ದು ಅಡಗಿದಂತೆ, ತಳದ ಗಷ್ಟು ಕದಡದ ಹಾಗೆ ನಳಿಗೆಯಿಂದ ಮೇಲಿನದನ್ನಷ್ಟೇ ನೀಲಿ ಡ್ರಮ್ಮುಗಳಿಗೆ ಇಳಿಸಿದೆ. ನಾನು ಮಾಡಿದ ಗೀರುಗಳು ಈಗ ಉಪಕಾರಕ್ಕೆ ಬಂದವು. ಪರೆ ಬೇಗ ಕಟ್ಟಿತು. ಮಾದರಿ ಸಿದ್ಧವಾಗುತ್ತದೆಂಬ ನಂಬಿಕೆ ಬರತೊಡಗಿತ್ತು. ಆಗ ಒಂದು ಬೆಳಿಗ್ಗೆ ಸಡ್ಡಕ ಬಂದ.

ಕೈಯಲ್ಲಿ ಶರಬತ್ತಿನ ಬಾಟಲಿ. ಕಣ್ಣ ಕೆಳಗೆ ಕಪ್ಪು. "ಅಣ್ಣಾರ, ಒಂದ ಸ್ವಲ್ಪ ರುಚಿ ನೋಡ್ರಿ. ಏನ್ ಮಾಡಿದ್ರೂ ಹುಳಿ ಹತ್ತವಲ್ದು. ಈ ವಾರ ಬೆಳಗಾವಿಗೆ ಒಯ್ಯಬೇಕು." ಬಾಟಲಿಯ ಮುಚ್ಚಳ ತಿರುವಿದೊಡನೆ ನೊರೆ ಉಕ್ಕಿ ಅವನ ಅಂಗಿಯ ತೋಳು ತೊಯ್ದಿತು.

ನಾಲಿಗೆಗೆ ಹಚ್ಚಿ ನೋಡಿದೆ. ನನ್ನ ಡ್ರಮ್ಮುಗಳಲ್ಲಿ ನಾನೇ ಯಾವತ್ತೂ ಮಾಡದಷ್ಟು ಒಳ್ಳೆಯ ಬಿಯರು. ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಆ ಬೆಂಕಿಯ ಹಿಂದೆಯೇ ಒಂದು ಅನುಮಾನವೂ ಬಂತು. ಇಷ್ಟು ನೊರೆ ಯಾಕೆ?

"ನಳಿಗಿ ಹಾಕೀರಿಲ್ಲೋ?"

"ಎಲ್ಲೀ ನಳಿಗ್ರಿ! ಅದರಾಗಿಂದ ವಾಸ ಹೊರಗ ಬರತೈತಿ. ಮಗ್ಗಲ ಮನಿ ಮುದುಕಿ ದಿನಾ ಕಿಡಕ್ಯಾಗ ನಿಂತು, 'ಏನಪಾ, ನಿಮ್ಮನ್ಯಾಗ ಏನ ಕೊಳ್ಯಾಕತ್ತೈತಿ' ಅಂತಾಳ. ಮನ್ಯಾಗ ದಿನಾ ಲಿಂಗಪೂಜಿ ನಡಿತೈತಿ, ಸೆರಿ ಅಂದ್ರ ಮಾರಿ ಎಲ್ಲಿಡೂದು? ನಳಿಗಿ ಕಿತ್ತು, ತೂತಿಗೆ ಕಟಗಿ ಬಡದು, ಡಾಂಬರ ಹಚ್ಚಿಬಿಟ್ಟೇನಿ. ಮೂಗಿಗೆ ಒಂದ ಎಳಿ ವಾಸ ಇಲ್ಲ ನೋಡ್ರಿ ಈಗ." ಆಮೇಲೆ ಏನೋ ನೆನಪಾದವನಂತೆ, "ಡ್ರಮ್ ಮಾತ್ರ ಒಂದೀಟ ದಪ್ಪ ಆದಂಗ ಕಾಣತಾವ. ಬಿಸಲಿಗೆ ಇರಬೇಕು" ಎಂದ.

ಗಾಳಿಯಿಲ್ಲದೆ ಅದು ಯುಗಾದಿ ಕಳೆದು ಯುಗಾದಿ ಬಂದರೂ ಹುಳಿಯಾಗುವುದಿಲ್ಲ. ಮುಚ್ಚಳ ತೆಗೆಯಿರಿ, ಅರಿವೆ ಕಟ್ಟಿರಿ, ಒಂದು ಬಾಟಲಿ ಹಳೆಯ ವಿನೆಗರ್ ಸುರಿಯಿರಿ. ಹೇಳಬೇಕಾದ್ದು ಅಷ್ಟೇ. ಆ ಮಾತು ನನ್ನ ಹಲ್ಲಿನ ಹಿಂದೆ ನಿಂತಿತ್ತು. ನಾನು, "ಹಂಗಽ ಬಿಡ್ರಿ. ಅದರ ಟೈಮ್ ಬರಬೇಕು" ಎಂದು ಚಹಾ ಕೂಡ ಕುಡಿಸಿ ಕಳಿಸಿದೆ.

ಆ ಸಂತೋಷ ಮಧ್ಯಾಹ್ನದ ಊಟದವರೆಗೆ ನಡೆಯಿತು. ರೊಟ್ಟಿ ಮುರಿದು ಪಲ್ಯಕ್ಕೆ ಅದ್ದುವಾಗ ಆ 'ಒಂದೀಟ ದಪ್ಪ' ನೆನಪಾಯಿತು. ತಗಡಿಗೆ ಬಡಿದ ನಮ್ಮ ಮುಚ್ಚಳ ನೆನಪಾಯಿತು. ಅಲ್ಲಿ ಕಟ್ಟಿಕೊಂಡದ್ದು ನೊರೆ. ಇಲ್ಲಿ ಕಟ್ಟಿಗೆ, ಡಾಂಬರು. ಸೇಡು ತೀರಿಸಿಕೊಳ್ಳುವವನಿಗೆ ಗಟ್ಟಿ ಹೊಟ್ಟೆ ಬೇಕು. ನನ್ನದು ಮೊದಲಿನಿಂದಲೂ ಸೂಕ್ಷ್ಮ.

"ಯಾಕ, ರೊಟ್ಟಿ ತಣ್ಣಗಾತು" ಎಂದಳು ಮನೆಯಾಕೆ. ಹೇಳಿದೆ. ಅವಳು ಕೈಯಲ್ಲಿನ ಹಿಟ್ಟನ್ನು ಪರಾತಕ್ಕೆ ಇಳಿಸಿದಳು.

"ಡ್ರಮ್ ಎಲ್ಲಿಟ್ಟಾರ?"

"ಅಡಗಿ ಮನಿ ಮಗ್ಗಲದಾಗ."

"ಅಕಿ ಇಷ್ಟೊತ್ತಿಗೆ ಅಲ್ಲೇ ಇರ್ತಾಳ." ಪರಾತ ಬದಿಗೆ ಸರಿಸಿ, "ಹೋಗ್ರಿ, ಸಡಲ ಮಾಡಿ ಬರ್ರಿ. ನಮ್ಮ ಜಗಳಾ ಮುಗಿಯೂತನಾ ಅಕಿ ಛಲೋತಂಗ ಇರಬೇಕು" ಎಂದಳು.

ಸವದತ್ತಿಗೆ ಬಸ್ಸು ಅವತ್ತಿನಷ್ಟು ನಿಧಾನ ಎಂದೂ ಹೋಗಿಲ್ಲ. ಅವನ ಮನೆಯ ಒಳಕೋಣೆಯಲ್ಲಿ ನನ್ನ ಡ್ರಮ್ಮುಗಳು ನಿಂತಿದ್ದವು. ನಿಂತಿದ್ದವು ಎನ್ನುವುದೂ ತಪ್ಪು. ತಳ ಕೂಡ ಉಬ್ಬಿ, ಮುಟ್ಟಿದರೆ ತೊಟ್ಟಿಲಿನಂತೆ ತೂಗುತ್ತಿದ್ದವು. ಮುಚ್ಚಳಗಳು ಪೂರಿಯಂತೆ ಊದಿದ್ದವು. ನಾದಿನಿ ಪಕ್ಕದಲ್ಲೇ ಒಗ್ಗರಣೆ ಹಾಕುತ್ತಿದ್ದಳು. ಅವಳನ್ನು ಹೊರಗೆ ಕಳಿಸಿದೆ. ಮುಚ್ಚಳದ ಬಳೆಗೆ ಕೈ ಹಚ್ಚಿದರೆ ಮುಚ್ಚಳ ಮುಖಕ್ಕೇ ಬರುತ್ತದೆ. ಮೇಲೆ ಒದ್ದೆ ತಟ್ಟು ಹೊದಿಸಿ, ಬೀಸುಕಲ್ಲಿನ ಹೋಳು ಹೇರಿ, ಮುಖ ಅತ್ತ ತಿರುಗಿಸಿಕೊಂಡು, ದಬ್ಬಳದಿಂದ ಕಟ್ಟಿಗೆಯ ಸುತ್ತಲಿನ ಡಾಂಬರನ್ನು ಕೆರೆಯತೊಡಗಿದೆ. ಬಿರುಕು ಬಿದ್ದೊಡನೆ ಹಾವು ಬುಸುಗುಟ್ಟಿದಂತೆ ಗಾಳಿ ಬಂತು. ಅದು ತೀರುವವರೆಗೆ ದಬ್ಬಳವನ್ನು ಅಲ್ಲೇ ಒತ್ತಿ ಹಿಡಿದೆ. ಹಾಗೆಯೇ ಒಂದೊಂದೂ. ಗೋಡೆಯ ಆಚೆಯಿಂದ ಮುದುಕಿ, "ಏನೋ ಅದು ಬುಸ್ ಅನ್ನಾಕತ್ತೈತಿ?" ಎಂದು ಕೂಗಿದಳು. "ಕುಕ್ಕರಬೇ ಅಜ್ಜೀ!" ಎಂದ ಸಡ್ಡಕ. ಕೊನೆಯ ಡ್ರಮ್ಮಿಗೆ ನಾನಿನ್ನೂ ತಟ್ಟು ಹೊದಿಸಿರಲಿಲ್ಲ. ಕಟ್ಟಿಗೆಯ ಗೂಟ ತಾನೇ ಕಿತ್ತುಕೊಂಡು, ನನ್ನ ಕಿವಿಯ ಪಕ್ಕದಿಂದ ಹಾದು, ಜಂತಿಗೆ ಬಡಿದು, ಅಡುಗೆಮನೆಯ ಒಗ್ಗರಣೆ ಸೌಟಿನ ಮೇಲೆ ಬಿತ್ತು. ಹಿಂದೆಯೇ ನೊರೆಯ ಕಾರಂಜಿ. ಮನೆತುಂಬ ಸೆರೆಯಂಗಡಿಯ ವಾಸನೆ.

ಸಡ್ಡಕ ಗೋಡೆಗೆ ಆತು ಕುಳಿತುಬಿಟ್ಟ. "ಅಣ್ಣಾರ, ಇನ್ನ ಏನ್ ಮಾಡ್ಲಿ ಹೇಳ್ರಿ" ಎಂದ.

"ತೂತಿಗೆ ನಳಿಗಿ ಹಾಕ್ರಿ. ತುದಿ ನೀರಾಗ ಮುಳಗಿರ್ಲಿ. ಎಂದೂ ಕಟಗಿ ಬಡೀಬ್ಯಾಡ್ರಿ."

"ಅಷ್ಟ ಸಾಕಲ್ರಿ?"

"ಡ್ರಮ್ ಒಡಿಯೂದಿಲ್ಲ" ಎಂದೆ.

ಅಲ್ಲಿ ನಾನಾಡಿದ ಒಂದೊಂದು ಮಾತೂ ನಿಜವಿತ್ತು. ಯಾವ ದೇವರ ಮುಂದೆ ಬೇಕಾದರೂ ಹೇಳಬಲ್ಲೆ. ಮುಚ್ಚಳ ತೆಗೆದು ಗಾಳಿಗೆ ಬಿಡಿ ಎಂಬುದೊಂದನ್ನು ಹೇಳಲಿಲ್ಲ. ಅದು ಸುಳ್ಳಲ್ಲ, ಬರೀ ಮೌನ. ಕೈಕಾಲು ತೊಳೆದುಕೊಂಡು, ನಾದಿನಿ ಕೊಟ್ಟ ಉಪ್ಪಿಟ್ಟು ತಿಂದು, ಬಸ್ಸು ಹಿಡಿದೆ. ಅವರ ಪ್ರಾಣ ಉಳಿಸಿದ್ದೆ. ವ್ಯಾಪಾರವನ್ನು ಉಳಿಸುವ ಹಂಗು ನನಗಿರಲಿಲ್ಲ.

ಬೆಳಗಾವಿಗೆ ಅವನೇ ಮೊದಲು ಹೋದ. ಮಾಲೀಕರು ಚಮಚ ಬಾಯಿಗಿಟ್ಟು, ನಕ್ಕು, "ಇದನ್ನ ಉಪ್ಪಿನಕಾಯಿಗೆ ಅಲ್ಲ, ಉಪ್ಪಿನಕಾಯಿ ನೆಂಚ್ಕೊಂಡು ಕುಡ್ಯಾಕ ಕೊಡಬೇಕು" ಎಂದರಂತೆ. ಆಮೇಲೆ ನನ್ನ ಮಾದರಿ ಹೋಯಿತು. ಹುಳಿ ಅವರು ಕೇಳಿದ್ದಕ್ಕಿಂತ ತುಸು ಗಟ್ಟಿಯಾಗಿಯೇ ಇತ್ತು. ಆ ಹಂಗಾಮಿನಿಂದ ಕಾರ್ಖಾನೆಯ ವಿನೆಗರ್ ಪೂರ್ತಿ ಮುನವಳ್ಳಿಯಿಂದ. ಸಡ್ಡಕ ಧಂದೆ ಬಿಟ್ಟು ಬೀಜ ಗೊಬ್ಬರದ ಅಂಗಡಿ ಹಾಕಿದ.

ಇಲ್ಲಿಗೆ ನನ್ನ ಸೇಡು ತೀರಿತೆಂದು ಹೇಳಿ ಮುಗಿಸಬಹುದಿತ್ತು. ಆದರೆ ಸೇಡು ತೀರಿದ್ದು ಅವನಿಗೆ ಗೊತ್ತೇ ಆಗಲಿಲ್ಲ. ಅವನು ಹೋದ ಬಂದ ಮನೆಯಲ್ಲೆಲ್ಲ ನನ್ನ ಗುಣಗಾನ ಹಿಡಿದ. ಕಿತ್ತೂರಿನಲ್ಲಿ ಅತ್ತೆಯ ತಮ್ಮನ ಮಗಳ ಸೀಮಂತ. ಪಂಕ್ತಿಯಲ್ಲಿ ಹೋಳಿಗೆ ಬಡಿಸುತ್ತಿದ್ದರು. ಅವನು ಎದ್ದು ನಿಂತು ಎಲ್ಲರಿಗೂ ಕೇಳುವಂತೆ, "ಈ ಅಣ್ಣಾರು ಅವತ್ತ ಓಡಿ ಬರದಿದ್ರ ನಾ ಇವತ್ತ ಇಲ್ಲೆ ಊಟಕ್ಕ ಕುಂಡ್ರತಿದ್ದಿಲ್ಲ, ಗ್ವಾಡಿ ಮ್ಯಾಲ ಫೋಟೋದಾಗ ಮಾಲಿ ಹಾಕ್ಕೊಂಡ ಕುಂಡ್ರತಿದ್ದೆ" ಎಂದ. ಹೆಂಗಸರು ಲೊಚಗುಟ್ಟಿದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಎಲೆಗೆ ಇನ್ನೊಂದು ಹೋಳಿಗೆ ಬಿತ್ತು, ಅದರ ಮೇಲೆ ತುಪ್ಪ. ಎದುರು ಪಂಕ್ತಿಯಲ್ಲಿದ್ದ ಮನೆಯಾಕೆ ತಲೆ ಎತ್ತಲಿಲ್ಲ. ಅವಳ ಭುಜಗಳು ಮಾತ್ರ ನಗುವಿಗೆ ಕುಲುಕುತ್ತಿದ್ದವು. ಇಷ್ಟು ಕಷ್ಟಪಟ್ಟು ತೀರಿಸಿದ ಸೇಡನ್ನು ಹೇಳಿಕೊಳ್ಳಲು ನನಗೆ ಇಡೀ ಬಳಗದಲ್ಲಿ ಆ ಎರಡು ಭುಜಗಳು ಬಿಟ್ಟರೆ ಯಾರೂ ಇರಲಿಲ್ಲ.

ಸಡ್ಡಕ ನನ್ನ ಪಕ್ಕಕ್ಕೆ ಬಂದು ಕುಳಿತ. ದನಿ ತಗ್ಗಿಸಿ, "ಒಂದ ಮಾತ ಕೇಳ್ತೇನಿ, ಸಿಟ್ಟಾಗಬಾರ್ದು. ನೀವು ಹೇಳಿದಂಗ ನಳಿಗಿ ಹಾಕಿದ್ದೆ. ಡ್ರಮ್ ನಿಮ್ಮವ, ಜೋಳ ಅದಽ, ಯೀಸ್ಟ್ ಅದಽ. ಮತ್ತ ನಂದು ಯಾಕ ಹುಳಿ ಆಗ್ಲಿಲ್ರಿ?" ಎಂದ.

ಅದು ಹೇಳಿ ಮುಗಿಸಲು ಒಳ್ಳೆಯ ಹೊತ್ತು. ಹೇಳಿದ್ದರೆ ಅವನಿಗೆ ಎಲ್ಲವೂ ಗೊತ್ತಾಗುತ್ತಿತ್ತು. ನಾನು ಬಸ್ಸಿನಲ್ಲಿ ತಯಾರಿಸಿದ್ದ ಉತ್ತರಗಳೆಲ್ಲ ಒಂದೇ ಮಾತಿನಲ್ಲಿ ಅವನಿಗೆ ಮುಟ್ಟುತ್ತಿದ್ದವು. ನಾನು ಹೋಳಿಗೆಯ ಒಂದು ತುಣುಕು ಮುರಿದು ಬಾಯಿಗಿಟ್ಟುಕೊಂಡು, ಚೆನ್ನಾಗಿ ಅಗಿದು ನುಂಗಿದೆ.

"ಕೈಗುಣ ಇರಬೇಕ್ರಿ" ಎಂದೆ.

ಅವನು ಎರಡೂ ಅಂಗೈಗಳನ್ನು ಮುಂದೆ ಚಾಚಿ, ತಿರುಗಿಸಿ ಮುರುಗಿಸಿ, ಬಹಳ ಹೊತ್ತು ನೋಡಿಕೊಂಡ. ಅವನು ನೋಡಿಕೊಳ್ಳುತ್ತಿದ್ದಷ್ಟು ಹೊತ್ತು ನನಗೆ ಪ್ರಪಂಚದ ಯಾವ ಚಿಂತೆಯೂ ಇರಲಿಲ್ಲ.